ಜಿನೀವಾದ ಕಟ್ಟಳೆ, ನಮ್ಮ ತೊಗರಿ ಧಾರಣಿ

ತೊಗರಿ ಧಾರಣಿ ಬಿದ್ದಾಗಲೆಲ್ಲ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಒಬ್ಬರು, 'ಎಲ್ಲಾ ಆ ಡಬ್ಲ್ಯೂಟಿಓದವರ ಕಾರಭಾರ' ಅಂತಾರೆ. ಇನ್ನೊಬ್ಬರು, 'ಜಗತ್ತಿನ ದೊಡ್ಡ ಸಂಸ್ಥೆ ಅಂದಮೇಲೆ ತಿಳಿದೇ ಮಾಡಿರ್ತಾರೆ ಬಿಡ್ರಿ' ಅಂತಾರೆ. ನಾನು ಕಲಿತದ್ದು ಏಳನೇ ಇಯತ್ತೆ. ಆದರೂ ಈ ಎರಡೂ ಮಾತು ಪೂರ್ತಿ ಖರೆ ಅಲ್ಲ ಅನ್ನಿಸುತ್ತದೆ. ಯಾಕಂತ ಇಲ್ಲಿ ಬರೆದಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳೋಣ. ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಸಂಸ್ಥೆ ಇದೆ. 1972ರಲ್ಲಿ ಶುರುವಾದದ್ದು. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇವೇ ಅವರ ಕೆಲಸ. ಅಂದರೆ ಮಳೆ ನಂಬಿದವರ ಬೆಳೆಗಳು. ನಮ್ಮಪ್ಪನ ಕಾಲದಲ್ಲಿ ಹೊಲಕ್ಕೆ ನೆಟೆ ರೋಗ ಬಿತ್ತೆಂದರೆ ಹೂ ಕಾಯಿ ಹಿಡಿದ ಗಿಡಗಳೇ ನಿಂತಲ್ಲಿ ಒಣಗುತ್ತಿದ್ದವು. 1986ರಲ್ಲಿ ಮಾರುತಿ ತಳಿ ಬಂತು. ಇಕ್ರಿಸ್ಯಾಟ್‌ನ ಐಸಿಪಿ 8863 ಎಂಬ ಆಯ್ಕೆಯೇ ನಮ್ಮಲ್ಲಿ ಮಾರುತಿ ಆದದ್ದು. ನೆಟೆ ತಡೆಯುವ ಗುಣ ಅದಕ್ಕಿತ್ತು. ಕಲಬುರಗಿ ಸೀಮೆಯ ಎರಿ ಹೊಲಗಳಲ್ಲಿ ಅದು ಹರಡಿದ್ದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದಾರೆ.

ಇಂಥ ಕೆಲಸ ಒಂದು ಕಂಪನಿ ಮಾಡುವುದಿಲ್ಲ. ತೊಗರಿ ಬೀಜ ಒಮ್ಮೆ ಕೊಂಡ ರೈತ ಮುಂದಿನ ವರ್ಷ ತನ್ನ ರಾಶಿಯಲ್ಲೇ ಬೀಜ ತೆಗೆದಿಡುತ್ತಾನೆ, ಕಂಪನಿಗೆ ಅದರಲ್ಲಿ ಏನು ಲಾಭ? ಒಂದೇ ದೇಶಕ್ಕೂ ಕಷ್ಟ. ಪಟಾನ್‌ಚೆರುವಿನ ಬೀಜದ ಕಣಜದಲ್ಲಿ ಹಲವು ದೇಶಗಳಿಂದ ತಂದ 13 ಸಾವಿರಕ್ಕೂ ಮಿಕ್ಕಿದ ತೊಗರಿ ಮಾದರಿಗಳಿವೆ. ಇಷ್ಟನ್ನು ಒಂದು ಕಡೆ ಕೂಡಿಹಾಕಿ ಕಾಯುವುದು ನಾಲ್ಕು ದೇಶ ಸೇರಿದರೆ ಮಾತ್ರ ಆಗುವ ಕೆಲಸ.

ಅದರ ಕೊರತೆಯೂ ಇದೆ. ಇಂಥ ಸಂಸ್ಥೆಗೆ ಸ್ವಂತ ಕಂದಾಯವಿಲ್ಲ. ಸರ್ಕಾರಗಳು, ದಾನಿಗಳು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ತಳಿ ಮಾಡಿ ಕೊಡಬಹುದು, ಊರೂರಿಗೆ ಬೀಜ ಮುಟ್ಟಿಸುವುದು ಅದರ ಕೈಯಲ್ಲಿಲ್ಲ. 2022ರಲ್ಲಿ ನಮ್ಮ ಭಾಗದಲ್ಲಿ ಮತ್ತೆ ನೆಟೆ ಬಿದ್ದು ಬಹಳ ಹೊಲ ಒಣಗಿದವು. ರೋಗ ತಡೆಯುವ ತಳಿ ಇದ್ದರೂ ಬಿತ್ತುವ ಹೊತ್ತಿಗೆ ಒಳ್ಳೆಯ ಬೀಜ ಸಾಕಷ್ಟು ಸಿಗದಿದ್ದರೆ ಕಣಜದಲ್ಲಿ ಎಷ್ಟಿದ್ದರೇನು?

ಈಗ ಜಿನೀವಾಕ್ಕೆ ಬರೋಣ. 1993ರಲ್ಲಿ ಡಂಕೆಲ್ ಪ್ರಸ್ತಾವದ ವಿರುದ್ಧ ನಮ್ಮ ರಾಜ್ಯದ ರೈತರು ಬೆಂಗಳೂರಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. ಆದರೂ ಒಪ್ಪಂದವಾಯಿತು, 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅದರ ಕೃಷಿ ಒಪ್ಪಂದದಲ್ಲಿ ಒಂದು ಲೆಕ್ಕವಿದೆ. ನಮ್ಮಂಥ ದೇಶ ಒಂದು ಬೆಳೆಗೆ ಕೊಡುವ ಬೆಲೆ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇಕಡಾ 10 ದಾಟಬಾರದು. ಕೇಳಲಿಕ್ಕೆ ಸರಿಯೇ. ಆದರೆ ಬೆಂಬಲ ಎಷ್ಟೆಂದು ಅಳೆಯುವುದು ಇವತ್ತಿನ ಪೇಟೆ ಧಾರಣಿ ಇಟ್ಟುಕೊಂಡಲ್ಲ, 1986ರಿಂದ 88ರ ಧಾರಣಿ ಇಟ್ಟುಕೊಂಡು! ಅಡತಿ ಅಂಗಡಿಯವನು ಆ ಕಾಲದ ಪಟ್ಟಿ ಹಿಡಿದು ಈ ವರ್ಷದ ಚೀಲ ತೂಗಿದಂಗಾಯಿತು ನೋಡ್ರಿ. ಆಗಿನಿಂದ ಡೀಸೆಲ್, ಗೊಬ್ಬರ, ಆಳಿನ ಕೂಲಿ ಎಷ್ಟಾಗಿವೆ ಎಂಬುದು ಆ ಪಟ್ಟಿಗೆ ಗೊತ್ತಿಲ್ಲ.

2019ರ ಫೆಬ್ರವರಿಯಲ್ಲಿ ಅಮೆರಿಕ, ಕೆನಡಾ ಎರಡೂ ಸೇರಿ, ಭಾರತ ತೊಗರಿ, ಕಡಲೆ, ಉದ್ದು, ಹೆಸರು, ಮಸೂರಕ್ಕೆ ಮಿತಿ ಮೀರಿ ಬೆಂಬಲ ಕೊಡುತ್ತಿದೆ ಎಂದು ಜಿನೀವಾದಲ್ಲಿ ಲೆಕ್ಕ ಮಂಡಿಸಿದವು. ಅದರಲ್ಲಿ ಸರ್ಕಾರ ಖರೀದಿಸಿದ ಚೀಲಗಳನ್ನಷ್ಟೇ ಅಲ್ಲ, ದೇಶದ ರಾಶಿಯನ್ನೆಲ್ಲ ಬೆಂಬಲ ಪಡೆದದ್ದು ಎಂದು ಎಣಿಸಿದ್ದರು. ಖರೀದಿಸಿದ್ದಷ್ಟೇ ಲೆಕ್ಕಕ್ಕೆ ಬರಬೇಕು ಎಂಬುದು ಭಾರತದ ವಾದ. ನಮಗೆ ಗೊತ್ತಿಲ್ಲವೇ? ಖರೀದಿ ಕೇಂದ್ರ ಬಾಗಿಲು ತೆರೆಯುವಷ್ಟರಲ್ಲಿ ಸಾಲಗಾರ ಸಣ್ಣ ರೈತನ ತೊಗರಿ ಬಜಾರ ಮುಟ್ಟಿರುತ್ತದೆ. ಕೈಗೆ ಬಾರದ ಬೆಲೆಯನ್ನೂ ನಮ್ಮ ಹೆಸರಿಗೆ ಖರ್ಚು ಹಾಕುವ ಲೆಕ್ಕ ಇದು.

ಹಾಗಂತ ಈ ಸಂಸ್ಥೆಯನ್ನು ಕಿತ್ತೊಗೆಯಬೇಕೇ? ನಾನು ಹಾಗೆ ಹೇಳುವುದಿಲ್ಲ. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಸುರಿಯುವ ದುಡ್ಡಿನಿಂದ ನಮಗೆ ನಷ್ಟ ಎಂದು ಬ್ರೆಜಿಲ್ 2002ರಲ್ಲಿ ಅಲ್ಲೇ ದೂರು ಕೊಟ್ಟು ಗೆದ್ದಿತು. ಕೊನೆಗೆ 2014ರಲ್ಲಿ ಅಮೆರಿಕ 30 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಬರೆದ ಕಟ್ಟಳೆ ಇರದಿದ್ದರೆ ಅಷ್ಟು ದೊಡ್ಡ ದೇಶವನ್ನು ಯಾರು ಕಟಕಟೆಗೆ ನಿಲ್ಲಿಸುತ್ತಿದ್ದರು? ಆದರೆ ವಕೀಲರಿಗೆ, ಲೆಕ್ಕಿಗರಿಗೆ ಹಣ ಸುರಿದು 12 ವರ್ಷ ತಾಳುವ ಶಕ್ತಿ ಬ್ರೆಜಿಲ್‌ಗಿತ್ತು. ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್ ಎಂಬ ಆಫ್ರಿಕದ ನಾಲ್ಕು ಬಡ ದೇಶಗಳೂ 2003ರಲ್ಲಿ ಹತ್ತಿಯ ಇದೇ ಗೋಳು ಹೇಳಿಕೊಂಡವು. ಅವಕ್ಕೆ ಸಭೆಗಳೂ ಠರಾವುಗಳೂ ಸಿಕ್ಕವು, ಪೂರಾ ನ್ಯಾಯ ಸಿಗಲಿಲ್ಲ.

ಈಗ ಆ ಕಟಕಟೆಯೇ ಮುರಿದಿದೆ. ಮೇಲ್ಮನವಿ ಕೇಳಲು ಕನಿಷ್ಠ 3 ಮಂದಿ ಪಂಚರು ಬೇಕು. ಹೊಸಬರ ನೇಮಕಕ್ಕೆ ಅಮೆರಿಕ ಒಪ್ಪದ್ದರಿಂದ 2019ರ ಡಿಸೆಂಬರಿನಲ್ಲಿ ಆ ಪೀಠದ ಕೆಲಸ ನಿಂತಿತು. ಎಲ್ಲರೂ ಒಪ್ಪಿದರಷ್ಟೇ ತೀರ್ಮಾನ ಎಂಬ ಅಲ್ಲಿನ ಪದ್ಧತಿ ಬಡ ದೇಶಕ್ಕೂ ಬಲ ಕೊಡುತ್ತದೆ, ಖರೆ. ಆದರೆ ಒಬ್ಬನೇ ಬಲಾಢ್ಯ ಎಲ್ಲವನ್ನೂ ನಿಲ್ಲಿಸಲಿಕ್ಕೂ ಅದೇ ದಾರಿ. ನಮ್ಮ ದೇಶವೂ ಇದರ ಅನುಕೂಲ ಪಡೆದಿದೆ. 2021ರ ಡಿಸೆಂಬರಿನಲ್ಲಿ ಸಕ್ಕರೆ ವಿಷಯದಲ್ಲಿ ತೀರ್ಪು ಭಾರತದ ವಿರುದ್ಧ ಬಂದಾಗ, ಕೇಳುವವರಿಲ್ಲದ ಆ ಪೀಠಕ್ಕೆ ಮೇಲ್ಮನವಿ ಹಾಕಿ ಸುಮ್ಮನಾಯಿತು. ಆಹಾರ ದಾಸ್ತಾನಿನ ಖರೀದಿಗೆ ಕಾಯಂ ಪರಿಹಾರ ಹುಡುಕುತ್ತೇವೆ ಎಂದು 2013ರಲ್ಲಿ ಬಾಲಿಯಲ್ಲಿ ಮಾತು ಕೊಟ್ಟರು. 2017, 2022, 2024 ಮೂರು ಮಂತ್ರಿಗಳ ಸಭೆ ಮುಗಿದರೂ ಅದು ಆಗಲಿಲ್ಲ.

ಆದರೆ ರೈತ ಬಾಂಧವರು ಇನ್ನೊಂದು ಮಾತು ಗಮನಿಸಬೇಕು. 2021ರ ಮೇನಲ್ಲಿ ತೊಗರಿ ಆಮದನ್ನು ಮುಕ್ತ ಮಾಡಿದ್ದು ಜಿನೀವಾ ಅಲ್ಲ, ದಿಲ್ಲಿ. 2023ರ ಮಾರ್ಚಿನಲ್ಲಿ ಇಡಿ ತೊಗರಿಯ ಸುಂಕ ತೆಗೆದದ್ದೂ ದಿಲ್ಲಿ. 2025ರಲ್ಲಿ ಆ ಮುಕ್ತ ಆಮದನ್ನು ಇನ್ನೊಂದು ವರ್ಷ ಮುಂದುವರಿಸಿದ್ದೂ ಅವರೇ. ಸುಂಕ ಹಾಕಲು ಡಬ್ಲ್ಯೂಟಿಓ ಒಪ್ಪಂದದಲ್ಲಿ ನಮಗೆ ಬೇಕಾದಷ್ಟು ಜಾಗವಿತ್ತು. ಪೇಟೆಯವರ ತಾಟಿನ ಬೇಳೆ ಅಗ್ಗವಾಗಬೇಕು, ಅದು ತಪ್ಪಲ್ಲ. ಆದರೆ ಅದರ ಭಾರ ಒಣಬೇಸಾಯದವನ ಒಬ್ಬನ ಹೆಗಲಿಗೆ ಯಾಕೆ? ಎಲ್ಲದಕ್ಕೂ ಜಿನೀವಾವನ್ನು ಬೈಯುತ್ತ ಕೂತರೆ ದಿಲ್ಲಿಯವರಿಗೆ ಬಹಳ ಅನುಕೂಲ.

ನನ್ನ ಅಭಿಪ್ರಾಯದಲ್ಲಿ ನಾವು ಕೇಳಬೇಕಾದದ್ದು ಮೂರು. ಒಂದು, ಆ ಹಳೆಯ ಧಾರಣಿಯ ಲೆಕ್ಕ ಹೋಗಬೇಕು, ಖರೀದಿಸಿದ್ದಷ್ಟನ್ನೇ ಎಣಿಸಬೇಕು. ಎರಡು, ಇಕ್ರಿಸ್ಯಾಟ್‌ನಂಥ ಕಡೆ ಆದ ತಳಿಯ ಬೀಜ ಬಿತ್ತನೆಗೆ ಮೊದಲು ಹೋಬಳಿ ಮಟ್ಟಕ್ಕೆ ಬರಬೇಕು. ಮೂರು, ಆಮದಿನ ತೀರ್ಮಾನ ನಾವು ಬಿತ್ತುವ ಮೊದಲೇ ಗೊತ್ತಾಗಬೇಕು, ರಾಶಿ ಹೊತ್ತಿಗೆ ಹಡಗು ಬಂದು ನಿಲ್ಲಬಾರದು. ಮೊದಲನೆಯದು ಜಿನೀವಾದ್ದು, ಅದಕ್ಕೆ ವರ್ಷಗಟ್ಟಲೆ ಬೇಕು. ಉಳಿದೆರಡು ನಾವು ಓಟು ಹಾಕಿ ಕಳಿಸಿದವರ ಕೈಯಲ್ಲೇ ಇವೆ. ಮುಂದಿನ ಸಲ ಅವರು ಊರಿಗೆ ಬಂದಾಗ ಸಿಸಿ ರಸ್ತೆ, ಸಮುದಾಯ ಭವನದ ಜೊತೆ ಇವೆರಡನ್ನೂ ಕೇಳಿರಿ.