ಕಪ್ಪು ಬಿಳುಪಿನ ಫಲಕಕ್ಕೆ ಒಂದು ಗೆರೆ ಬಣ್ಣ

ತಿದ್ದಿದ ಉತ್ತರಪತ್ರಿಕೆ ಕೈಗೆ ಬಂದೊಡನೆ ವಿದ್ಯಾರ್ಥಿಯ ಕಣ್ಣು ಮೊದಲು ಹೋಗುವುದು ಉಪಾಧ್ಯಾಯರು ಎಳೆದ ಕೆಂಪು ಗೆರೆಯ ಕಡೆಗೆ. ಹತ್ತು ಪುಟಗಳ ನೀಲಿ ಬರಹದ ನಡುವೆ ಕೆಂಪು ಬಣ್ಣ ಎಲ್ಲೋ ಎರಡು ಕಡೆ ಮಾತ್ರ ಇರುವುದರಿಂದಲೇ ಅದಕ್ಕೆ ಅಷ್ಟು ಬಲ. ಅದೇ ಪತ್ರಿಕೆಯನ್ನು ಏಳು ಬಣ್ಣದ ಶಾಯಿಗಳಿಂದ ಬರೆದಿದ್ದರೆ ಕೆಂಪು ಗೆರೆ ಆ ಸಂತೆಯಲ್ಲಿ ಕಳೆದುಹೋಗುತ್ತಿತ್ತು. ಮಿತವಾಗಿ ಬಳಸಿದ ಬಣ್ಣವೇ ಮಾತನಾಡುವ ಬಣ್ಣ ಎಂಬ ಈ ಹಳೆಯ ಅನುಭವವನ್ನು ನಮ್ಮ ಉಪಕರಣಗಳಿಗೂ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ.

ಕೈಗಡಿಯಾರ, ಕ್ಯಾಲ್ಕುಲೇಟರು, ಜ್ವರಮಾಪಕ, ರಕ್ತದೊತ್ತಡದ ಯಂತ್ರ, ವಿದ್ಯುತ್ ಮೀಟರು ಇವುಗಳಲ್ಲೆಲ್ಲ ಬೂದು ನೆಲದ ಮೇಲೆ ಕಪ್ಪು ಅಂಕಿಗಳನ್ನು ತೋರಿಸುವ ಗಾಜಿನ ಫಲಕವೊಂದನ್ನು ವಾಚಕರು ಕಂಡಿರಬಹುದು. ಇದೇ ದ್ರವಸ್ಫಟಿಕ ಫಲಕ. ವರ್ಣಮಯ ಪರದೆಗಳ ಈ ದಿನಗಳಲ್ಲಿ ಇದನ್ನು ಬಡವರ ಫಲಕವೆಂದು ಹಳಿಯುವವರುಂಟು. ಆದರೆ ಹಳಿಯುವ ಮುನ್ನ ಅದರ ಕೆಲಸವನ್ನು ಅರಿಯುವುದು ಒಳ್ಳೆಯದು.

1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್‌ರಿಖ್ ರೈನಿಟ್ಜರ್ ಒಂದು ವಿಚಿತ್ರ ವಸ್ತುವನ್ನು ಕಂಡನು. ಅದು 145 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ ಕರಗಿ ಮೋಡದಂತಹ ದ್ರವವಾಗಿ, 178 ಡಿಗ್ರಿಯ ಸುಮಾರಿಗೆ ತಿಳಿಯಾಗುತ್ತಿತ್ತು. ನಡುವಣ ಸ್ಥಿತಿಯಲ್ಲಿ ಅದು ದ್ರವದಂತೆ ಹರಿಯುತ್ತಿದ್ದರೂ ಅದರ ಅಣುಗಳು ಸ್ಫಟಿಕದಂತೆ ಒಂದು ಶಿಸ್ತನ್ನು ಉಳಿಸಿಕೊಂಡಿದ್ದುವು. ಈ ಶಿಸ್ತನ್ನು ವಿದ್ಯುತ್ತಿನಿಂದ ಆಳಬಹುದೆಂಬುದು ಇಂದಿನ ಫಲಕಗಳ ಮೂಲತತ್ತ್ವ. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಖ್ ಎಂಬ ವಿಜ್ಞಾನಿಗಳು ರೂಪಿಸಿದ ತಿರುಚು ಫಲಕದಲ್ಲಿ ಎರಡು ಗಾಜುಗಳ ನಡುವೆ ದ್ರವಸ್ಫಟಿಕದ ಬಲು ತೆಳುವಾದ ಪದರವಿರುತ್ತದೆ. ಗಾಜುಗಳ ಹೊರಗೆ, ಮುಂದೊಂದು ಹಿಂದೊಂದು, ಪೋಲರಾಯ್ಡ್ ಹಾಳೆಗಳಿರುತ್ತವೆ. ಪೋಲರಾಯ್ಡ್ ಎಂಬುದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಜರಡಿ. ಇವೆರಡನ್ನೂ ಒಂದಕ್ಕೊಂದು ಅಡ್ಡಲಾಗಿ ಇಟ್ಟಿದ್ದರೂ, ನಡುವಣ ಅಣುಗಳು ಮೆಟ್ಟಿಲಂತೆ ತಿರುಚಿಕೊಂಡು ಬೆಳಕಿನ ಕಂಪನವನ್ನು 90 ಡಿಗ್ರಿ ತಿರುಗಿಸುವುದರಿಂದ ಬೆಳಕು ದಾಟಿಹೋಗುತ್ತದೆ. ಕೆಲವೇ ವೋಲ್ಟುಗಳನ್ನು ಕೊಟ್ಟೊಡನೆ ಅಣುಗಳು ನೆಟ್ಟಗೆ ನಿಲ್ಲುತ್ತವೆ, ಬೆಳಕು ತಡೆಯಲ್ಪಡುತ್ತದೆ, ಆ ಭಾಗ ಕಪ್ಪಾಗಿ ತೋರುತ್ತದೆ. ಫಲಕ ತಾನಾಗಿ ಬೆಳಕನ್ನು ಕೊಡುವುದಿಲ್ಲ, ಸುತ್ತಣ ಬೆಳಕಿಗೆ ಬಾಗಿಲನ್ನು ತೆರೆದು ಮುಚ್ಚುತ್ತದೆ, ಅಷ್ಟೆ. ಆದಕಾರಣವೇ ಸಣ್ಣ ಫಲಕಕ್ಕೆ ಬೇಕಾದ ಶಕ್ತಿಯನ್ನು ಮೈಕ್ರೋವಾಟುಗಳಲ್ಲಿ ಅಳೆಯುತ್ತಾರೆ. ಬಿಸಿಲು ಹೆಚ್ಚಿದಷ್ಟೂ ಅದರ ಅಂಕಿ ಸ್ಪಷ್ಟವಾಗುತ್ತದೆ.

ಇದಕ್ಕೆ ಪೂರ್ಣ ವರ್ಣವನ್ನು ಕೊಡಲು ಹೊರಟರೆ ಈ ಮಿತವ್ಯಯವೆಲ್ಲ ಹೋಗುತ್ತದೆ. ಒಂದೊಂದು ಚುಕ್ಕೆಯನ್ನೂ ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಒಡೆಯಬೇಕು. ಪೋಲರಾಯ್ಡ್ ಹಾಳೆ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ. ವರ್ಣಶೋಧಕ ಉಳಿದುದರಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಮಾತ್ರ ಬಿಡುತ್ತದೆ. ಸಾಮಾನ್ಯ ವರ್ಣಫಲಕದ ಹಿಂದಿನ ದೀಪದ ಬೆಳಕಿನಲ್ಲಿ ಹೊರಬರುವುದು ಹತ್ತರಲ್ಲಿ ಒಂದು ಪಾಲು, ಇಲ್ಲವೆ ಅದಕ್ಕಿಂತಲೂ ಕಡಿಮೆ. ಆದುದರಿಂದ ಹಿಂದೆ ಸದಾ ದೀಪ ಉರಿಯಬೇಕು. ದೀಪಕ್ಕೆ ದೊಡ್ಡ ಬ್ಯಾಟರಿ ಬೇಕು. ಚಲನಚಿತ್ರಕ್ಕೆ ಇದು ಸರಿ. ಜ್ವರ ಇದೆಯೇ ಇಲ್ಲವೇ ಎಂದು ಹೇಳಬೇಕಾದ ಕಡ್ಡಿಗೆ ಇದೇತಕ್ಕೆ?

ಹಾಗಾದರೆ ಬಣ್ಣವೇ ಬೇಡವೆ? ಬೇಕು, ಆದರೆ ಎಚ್ಚರಿಸಬೇಕಾದ ಒಂದು ಸ್ಥಳದಲ್ಲಿ ಮಾತ್ರ. ಅಂತಹ ಬಣ್ಣವನ್ನು ಅತಿ ಕಡಿಮೆ ವೆಚ್ಚದಲ್ಲಿ ಪಡೆಯುವ ದಾರಿಗಳು ಹಲವಿವೆ.

ಮೊದಲನೆಯದಕ್ಕೆ ವೆಚ್ಚವೇ ಇಲ್ಲವೆನ್ನಬಹುದು. ಮನೆಯಲ್ಲಿ ಬಳಸುವ ಅನೇಕ ರಕ್ತದೊತ್ತಡದ ಯಂತ್ರಗಳಲ್ಲಿ ಫಲಕದ ಪಕ್ಕದ ಚೌಕಟ್ಟಿನ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿಗಳನ್ನು ಅಚ್ಚು ಹಾಕಿರುತ್ತಾರೆ. ಗಾಜಿನೊಳಗಿನ ಕಪ್ಪು ಗುರುತೊಂದು ಏರಿ ಯಾವುದೋ ಒಂದು ಪಟ್ಟಿಯ ಎದುರು ನಿಲ್ಲುತ್ತದೆ. ಫಲಕ ಕಪ್ಪು ಬಿಳುಪಾಗಿಯೇ ಉಳಿಯುತ್ತದೆ; ಆದರೂ ನೋಡಿದವರಿಗೆ ಬಣ್ಣ ಮಾತನಾಡುತ್ತದೆ. 128 ಎಂಬ ಅಂಕಿಯ ಅರ್ಥವನ್ನರಿಯದ ಅಜ್ಜಿಯೂ ಗುರುತು ಹಳದಿಯ ಎದುರು ನಿಂತಿರುವುದನ್ನು ಅರಿಯುತ್ತಾಳೆ.

ಎರಡನೆಯದು, ಬಣ್ಣದ ಪಾರದರ್ಶಕ ಹಾಳೆಯನ್ನು ಫಲಕದ ಒಂದು ಭಾಗಕ್ಕೆ ಹೊದಿಸುವುದು. ಇದಕ್ಕೆ ಪೂರ್ವನಿದರ್ಶನವುಂಟು. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆ ಹೊರತಂದ ಸ್ಪೇಸ್ ಇನ್ವೇಡರ್ಸ್ ಎಂಬ ಪ್ರಸಿದ್ಧ ಆಟದ ಪರದೆ ದ್ರವಸ್ಫಟಿಕದ್ದಲ್ಲ, ಟೆಲಿವಿಷನ್ನಿನಂತಹ ಕಪ್ಪು ಬಿಳುಪಿನ ಪರದೆ. ಅದರ ಮೇಲೆ ಬಣ್ಣದ ಸೆಲೊಫೇನ್ ಪಟ್ಟಿಗಳನ್ನು ಅಂಟಿಸಿದ್ದರು. ಆಟಗಾರನ ಕೋಟೆಗಳು ಸದಾ ಕೆಳಗೇ ಇರುವುದರಿಂದ ಅಲ್ಲಿ ಹಸಿರು ಪಟ್ಟಿ ಸಾಕಾಯಿತು. ಸ್ಥಳ ಗೊತ್ತಿದ್ದರೆ ಬಣ್ಣ ಅಗ್ಗ ಎಂಬುದು ಇದರ ಪಾಠ.

ಆದರೆ ಹಾಳೆಯನ್ನು ಆರಿಸುವಾಗ ಸ್ವಲ್ಪ ಲೆಕ್ಕ ಹಾಕಬೇಕು. ಪ್ರತಿಫಲನದಿಂದ ಕಾಣುವ ಫಲಕದಲ್ಲಿ ಬೆಳಕು ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ, ಹೀಗೆ ಎರಡು ಸಲ ಹಾಳೆಯನ್ನು ದಾಟುತ್ತದೆ. ನೂರಕ್ಕೆ 80 ಪಾಲು ಬೆಳಕನ್ನು ಬಿಡುವ ಹಾಳೆಯಿಂದ ಕಡೆಗೆ ಉಳಿಯುವುದು 64 ಪಾಲು. 50 ಪಾಲು ಬಿಡುವ ಹಾಳೆಯಾದರೆ ಉಳಿಯುವುದು 25 ಮಾತ್ರ. ನಮ್ಮ ಕಣ್ಣು ಹಳದಿ ಹಸಿರಿಗೆ ಬಹಳ ಸೂಕ್ಷ್ಮ, ನೀಲಿಗೆ ಮಂದ. ಆದುದರಿಂದ ತಿಳಿಹಳದಿಯ ಹಾಳೆ ಅಂಕಿಯನ್ನು ಕೆಡಿಸುವುದಿಲ್ಲ. ಕಡುನೀಲಿಯ ಹಾಳೆ ಅದನ್ನು ಕತ್ತಲೆಗೆ ನೂಕುತ್ತದೆ. ಇನ್ನೂ ಒಂದು ಮಾತು: ಬೂದು ನೆಲದ ಮೇಲೆ ಕಪ್ಪು ಅಂಕಿ ಇರುವ ಫಲಕದಲ್ಲಿ ಬಣ್ಣ ಬರುವುದು ನೆಲಕ್ಕೆ, ಅಂಕಿಗಲ್ಲ. ಅಂಕಿಯೇ ಕೆಂಪಾಗಿ ಬೆಳಗಬೇಕಾದರೆ ಕಪ್ಪು ನೆಲದ ಫಲಕವೂ ಹಿಂದೊಂದು ದೀಪವೂ ಬೇಕು.

ಮೂರನೆಯ ದಾರಿ ಸಣ್ಣ ಎಲ್‌ಇಡಿ ದೀಪ. ಇದನ್ನು ಎಚ್ಚರಿಕೆಯ ಭಾಗದ ಹಿಂದೆ ಮಾತ್ರ ಇಟ್ಟು, ಬೇಕಾದಾಗ ಮಾತ್ರ ಉರಿಸಬೇಕು. ನಾಣ್ಯದಾಕಾರದ 2032 ಮಾದರಿಯ ಕೋಶದಲ್ಲಿ ಸುಮಾರು 220 ಮಿಲಿಆಂಪೀರ್-ಗಂಟೆಗಳ ಸಂಗ್ರಹವಿರುತ್ತದೆ. 2 ಮಿಲಿಆಂಪೀರಿನ ದೀಪ ಎಡೆಬಿಡದೆ ಉರಿದರೆ ಅದು 110 ಗಂಟೆಗಳಲ್ಲಿ, ಎಂದರೆ ಐದು ದಿನ ತುಂಬುವುದರೊಳಗೆ, ಬರಿದಾಗುತ್ತದೆ. ದಿನಕ್ಕೆ 5 ನಿಮಿಷ ಮಾತ್ರ ಉರಿದರೆ ಅದೇ ಲೆಕ್ಕದಂತೆ ಮೂರು ವರ್ಷಕ್ಕೂ ಮಿಕ್ಕಿ ಬರುತ್ತದೆ. ಬಣ್ಣದಲ್ಲಿ ಮಿತಿಯಿಟ್ಟುಕೊಂಡರೆ ಸಿಗುವ ಲಾಭ ಎಷ್ಟೆಂಬುದನ್ನು ಈ ಭಾಗಾಕಾರವೇ ಹೇಳುತ್ತದೆ.

ನಾಲ್ಕನೆಯ ದಾರಿ ವಿದ್ಯಾರ್ಥಿಗಳಿಗೆ ಬಹಳ ಮೆಚ್ಚುಗೆಯಾದೀತು. ಪಾರದರ್ಶಕವಾದ ಸಾಮಾನ್ಯ ಸೆಲೊಫೇನ್ ಅಂಟುಪಟ್ಟಿಗೆ ಸ್ವಂತ ಬಣ್ಣವಿಲ್ಲ. ಆದರೆ ಅದರೊಳಗೆ ಬೆಳಕು ಕಂಪನದ ದಿಕ್ಕಿಗೆ ತಕ್ಕಂತೆ ಎರಡು ಬೇರೆ ವೇಗಗಳಲ್ಲಿ ಸಾಗುತ್ತದೆ, ಇದನ್ನು ದ್ವಿವಕ್ರೀಭವನವೆನ್ನುತ್ತಾರೆ. ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇಂತಹ ಪಟ್ಟಿಯನ್ನು ಕೆಲವು ಪದರಗಳಾಗಿ ಓರೆಯಾಗಿ ಇಟ್ಟು ನೋಡಿದರೆ ಬಣ್ಣಗಳು ಮೂಡುತ್ತವೆ. ಒಂದು ಪೋಲರಾಯ್ಡನ್ನು 90 ಡಿಗ್ರಿ ತಿರುಗಿಸಿದರೆ ಒಂದೊಂದು ಬಣ್ಣವೂ ತನ್ನ ಪೂರಕ ಬಣ್ಣಕ್ಕೆ ತಿರುಗುತ್ತದೆ. ದ್ರವಸ್ಫಟಿಕ ಮಾಡುವುದೂ ಇದೇ 90 ಡಿಗ್ರಿಯ ತಿರುಗಾಟವನ್ನಲ್ಲವೆ? ಆದುದರಿಂದ ಗಾಜಿಗೂ ಮುಂದಿನ ಪೋಲರಾಯ್ಡಿಗೂ ನಡುವೆ ಪಟ್ಟಿಯನ್ನು ಸೇರಿಸಿದರೆ ನೆಲಕ್ಕೊಂದು ಬಣ್ಣ, ಅಂಕಿಗೆ ಅದರ ಪೂರಕ ಬಣ್ಣ ದೊರೆಯುತ್ತದೆ. ಬಣ್ಣದ ಪುಡಿಯಿಲ್ಲದೆ, ಹೆಚ್ಚಿನ ವಿದ್ಯುತ್ತಿಲ್ಲದೆ, ಬರಿಯ ಬೆಳಕಿನ ಗುಣದಿಂದಲೇ ಹುಟ್ಟುವ ಬಣ್ಣವಿದು. ಕೆಟ್ಟುಹೋದ ಕ್ಯಾಲ್ಕುಲೇಟರಿನ ಫಲಕದ ಮೇಲೆ ಇದನ್ನು ಮಾಡಿ ನೋಡಿದವನು ಧ್ರುವೀಕರಣದ ಪಾಠವನ್ನು ಎಂದಿಗೂ ಮರೆಯಲಾರನು.

ಇಷ್ಟನ್ನು ಹೇಳಿದ ಮೇಲೆ ಎದುರಿನ ವಾದವನ್ನೂ ಕೇಳಬೇಕು. ವರ್ಣಪರದೆಗಳು ವರ್ಷೇ ವರ್ಷೇ ಅಗ್ಗವಾಗುತ್ತಿವೆ. ಸೆಲೊಫೇನಿನ ಉಪಾಯಗಳ ಕಾಲ ಮುಗಿಯಿತು ಎನ್ನುವವರಿದ್ದಾರೆ. ಬೆಲೆಯ ಮಾತು ನಿಜ. ಆದರೆ ಪರದೆಯ ಬೆಲೆಯೊಂದೇ ವೆಚ್ಚವಲ್ಲ. ಅದನ್ನು ದಿನವೂ ನಡೆಸುವ ವಿದ್ಯುತ್ತು, ವಿದ್ಯುತ್ತಿಲ್ಲದ ಊರಿನಲ್ಲಿ ಅದನ್ನು ಹೊತ್ತು ತಿರುಗುವ ಆರೋಗ್ಯ ಕಾರ್ಯಕರ್ತೆಯ ಕಷ್ಟ, ನಡುಹಗಲಿನ ಬಿಸಿಲಿನಲ್ಲಿ ಅದನ್ನು ಓದಲಾಗದೆ ಕೈಯನ್ನು ಅಡ್ಡ ಹಿಡಿಯುವ ಪಾಡು, ಇವೂ ವೆಚ್ಚವೇ. ಒಂದು ಕೋಶದಲ್ಲಿ ವರ್ಷಗಟ್ಟಲೆ ನಡೆಯುವ ಉಪಕರಣವನ್ನು ದಿನಕ್ಕೊಮ್ಮೆ ವಿದ್ಯುತ್ತು ಬೇಡುವ ಉಪಕರಣವನ್ನಾಗಿ ಮಾಡುವುದು ಮುನ್ನಡೆಯೆಂದು ನಾವು ಒಪ್ಪಲಾರೆವು.

ಇದಕ್ಕಿಂತ ತೂಕವಾದ ಇನ್ನೊಂದು ಆಕ್ಷೇಪಣೆಯಿದೆ. ಬಣ್ಣ ಹಾಕುವುದು ಸುಲಭ. ಬಣ್ಣ ಎಲ್ಲಿ ಬದಲಾಗಬೇಕೆಂದು ನಿರ್ಧರಿಸುವುದು ಕಷ್ಟ. 2020ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ಕಚೇರಿ, ಅಂಗಡಿಗಳ ಬಾಗಿಲಲ್ಲಿ ಹಣೆಯ ಮುಂದೆ ಹಿಡಿಯುತ್ತಿದ್ದ ಜ್ವರಮಾಪಕಗಳು ವಾಚಕರಿಗೆ ನೆನಪಿರಬಹುದು. ಅವುಗಳಲ್ಲಿ ಹಲವು ಸಾಧಾರಣ ಕಪ್ಪು ಅಂಕಿಯ ಫಲಕಗಳೇ. ಹಿಂದಿನ ದೀಪ ಮಾತ್ರ ಹಸಿರಿನಿಂದ ಕೆಂಪಿಗೆ ತಿರುಗುತ್ತಿತ್ತು. ಅಗ್ಗದ ಬಣ್ಣ ಎಷ್ಟು ಉಪಯುಕ್ತವೆಂಬುದನ್ನು ಅವು ತೋರಿಸಿದುವು. ಅದರ ಅಪಾಯವನ್ನೂ ತೋರಿಸಿದುವು. 37.9 ಡಿಗ್ರಿಗೆ ಹಸಿರು, 38.0 ಡಿಗ್ರಿಗೆ ಕೆಂಪು ಎಂದು ಗೊತ್ತುಮಾಡಿದ್ದರೆ, ಮತ್ತು ಉಪಕರಣದ ದೋಷವೇ ಡಿಗ್ರಿಯ ಹತ್ತರಲ್ಲಿ ಎರಡು ಪಾಲಿದ್ದರೆ, ಆ ಕೆಂಪನ್ನು ಎಷ್ಟರ ಮಟ್ಟಿಗೆ ನಂಬಬೇಕು? ಅಂಕಿ ಪ್ರಶ್ನೆಗೆ ಎಡೆಗೊಡುತ್ತದೆ. ಬಣ್ಣ ತೀರ್ಪು ಕೊಟ್ಟುಬಿಡುತ್ತದೆ. ಆದಕಾರಣ ಬಣ್ಣ ಎಂದಿಗೂ ಅಂಕಿಯನ್ನು ಮರೆಮಾಡಬಾರದು. ಹಸಿರಿಗೂ ಕೆಂಪಿಗೂ ನಡುವೆ ಸಂದೇಹವನ್ನು ಸೂಚಿಸುವ ಹಳದಿಯೊಂದು ಇರಲೇಬೇಕು.

ಬಣ್ಣವೊಂದನ್ನೇ ನಂಬುವುದೂ ಸಲ್ಲದು. ಪರಮಾಣುವಾದದ ಜಾನ್ ಡಾಲ್ಟನ್ ತನ್ನ ಬಣ್ಣಗುರುಡನ್ನು 1794ರಲ್ಲಿ ತಾನೇ ವರ್ಣಿಸಿದನು. ಯೂರೋಪಿಯನ್ ಮೂಲದ ಪುರುಷರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕೆಂಪು ಹಸಿರುಗಳ ವಿವೇಚನೆ ಮಂದ. ನಮ್ಮ ದೇಶದಲ್ಲಿ ಈ ಪ್ರಮಾಣ ಕಡಿಮೆಯಾದರೂ ಅಂತಹವರ ಒಟ್ಟು ಸಂಖ್ಯೆ ಅಲ್ಪವಲ್ಲ. ಆದುದರಿಂದ ಕೆಂಪಿನ ಜೊತೆಗೆ ಗುರುತಿನ ಸ್ಥಾನವೋ ಮಿನುಗೋ ಬದಲಾಗಬೇಕು. ರಕ್ತದೊತ್ತಡದ ಯಂತ್ರದ ಪಟ್ಟಿಯಲ್ಲಿ ಈ ಗುಣ ತಾನಾಗಿಯೇ ಇದೆ: ಬಣ್ಣ ಕಾಣದವನಿಗೂ ಗುರುತು ಮೇಲೇರಿದುದು ಕಾಣುತ್ತದೆ. ಅತಿ ಅಗ್ಗವಾದ ದಾರಿಯೇ ಎಲ್ಲಕ್ಕಿಂತ ನ್ಯಾಯವಾದ ದಾರಿಯೂ ಆಗಿರುವುದನ್ನು ಗಮನಿಸಬೇಕು.

ದ್ರವಸ್ಫಟಿಕ ನಮ್ಮ ನಾಡಿಗೆ ದೂರದ ವಿಷಯವಲ್ಲ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿಕೊಟ್ಟರು. ಅದುವರೆಗೆ ತಿಳಿದಿದ್ದುದು ಬಹುಮಟ್ಟಿಗೆ ಕಡ್ಡಿಯಾಕಾರದ ಅಣುಗಳು. ಮುಂದೆ ಇಂತಹ ಬಿಲ್ಲೆ ಅಣುಗಳ ಪದರಗಳನ್ನು ಫಲಕವನ್ನು ಓರೆಯಿಂದ ನೋಡಿದರೂ ಸ್ಪಷ್ಟವಾಗಿ ಕಾಣುವಂತೆ ಮಾಡುವ ಹಾಳೆಗಳಲ್ಲಿ ಬಳಸಿದರು. ಮೂಲವಿಜ್ಞಾನಕ್ಕೆ ಇಂತಹ ಕಾಣಿಕೆಯಿತ್ತ ಊರಿನ ಸುತ್ತಣ ಕಾಲೇಜುಗಳಲ್ಲಿ ಫಲಕವನ್ನು ಪೇಟೆಯಿಂದ ತಂದು ಜೋಡಿಸುವುದಷ್ಟೇ ಪ್ರಯೋಗವೆನಿಸಬಾರದು.

ಎರಡು ಸಾಲಿನ ಸಾಧಾರಣ ಅಕ್ಷರಫಲಕವೊಂದನ್ನು ಕೈಗೆತ್ತಿಕೊಳ್ಳಿ. ಎರಡನೆಯ ಸಾಲಿನ ಮೇಲೆ ತಿಳಿಹಳದಿಯ ಹಾಳೆಯಿಟ್ಟು, ಎಚ್ಚರಿಕೆಯ ಮಾತನ್ನು ಆ ಸಾಲಿನಲ್ಲಿ ಮಾತ್ರ ಬರೆಯಿರಿ. ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ಮನೆಯ ಹಿರಿಯರಿಗೆ ತೋರಿಸಿ, ಅವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆಂದು ಗಮನಿಸಿ. ಹಾಳೆ ತೀರ ಗಾಢವಾಗಿದ್ದರೆ ಬದಲಿಸಿ, ಮತ್ತೆ ತೋರಿಸಿ. ಈ ಕೆಲಸದಲ್ಲಿ ಬೆಳಕಿನ ಶಾಸ್ತ್ರವೂ ಇದೆ, ಮಿತವ್ಯಯವೂ ಇದೆ, ನೋಡುವವರ ಮೇಲಣ ಗೌರವವೂ ಇದೆ. ಉಪಾಧ್ಯಾಯರ ಕೆಂಪು ಶಾಯಿಯ ಸೀಸೆ ವರ್ಷವಿಡೀ ಬರುತ್ತಿದ್ದುದು ಏತಕ್ಕೆಂಬುದು ಆಗ ನಿಮಗೂ ತಿಳಿದೀತು.