ಪಂಪಿಗೆ ದುಡ್ಡು, ಪತ್ತೆ ಮಾಡಿದವನಿಗೆ ಬಾಳೆಗೊನೆ

ನಮ್ಮ ಮನೆ ಜಗಲಿಯ ಮೂಲೆಯಲ್ಲಿ ಒಂದು ಹೈಡ್ರಾಲಿಕ್ ಪಂಪು ಬಿದ್ದಿದೆ. ಅದಕ್ಕೆ ಏನೂ ಆಗಿಲ್ಲ, ಒಳ್ಳೆಯ ಪಂಪು. ಆದರೂ ಅದನ್ನು ಬಿಚ್ಚಿ ಹೊಸತು ಕೂರಿಸಿದ್ದೇನೆ. ಯಾಕೆಂದು ಹೇಳುತ್ತೇನೆ. ಇದು ನನ್ನೊಬ್ಬನ ಕತೆ ಅಲ್ಲ.

ಅರಂತೋಡು, ತೊಡಿಕಾನ, ಸಂಪಾಜೆ ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಏನು ಮಾಡಿದೆ ಎಂದು ಇಲ್ಲಿನ ಓದುಗರಿಗೆ ಹೊಸತಾಗಿ ಹೇಳಬೇಕಿಲ್ಲ. ಫಸಲು ಇಳಿದ ಮೇಲೆ ಕೈಹಿಡಿಯಲಿ ಎಂದು ಹಾಳೆತಟ್ಟೆಯ ಯಂತ್ರ ಹಾಕಿದೆ. ಐದು ಅಚ್ಚು, ಐದು ಸಿಲಿಂಡರ್. ನೆನೆಸಿದ ಹಾಳೆ ಇಟ್ಟು ಹಿಡಿಕೆ ಎಳೆದರೆ ಬಿಸಿ ಅಚ್ಚು ಬಂದು ಒತ್ತುತ್ತದೆ.

ಇದರ ಸರ್ಕ್ಯೂಟ್ ದೊಡ್ಡ ರಹಸ್ಯವೇನಲ್ಲ. ಪಂಪು ಟ್ಯಾಂಕಿನಿಂದ ಎಣ್ಣೆ ಎಳೆಯುತ್ತದೆ. ಹಿಡಿಕೆಯ ವಾಲ್ವ್ ಅದನ್ನು ಸಿಲಿಂಡರಿನ ಈ ಬದಿಗೋ ಆ ಬದಿಗೋ ಕಳಿಸುತ್ತದೆ. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ವಾಪಸು ಟ್ಯಾಂಕಿಗೆ ಬಿಡುತ್ತದೆ. 5 ಸೆಂ.ಮೀ. ವ್ಯಾಸದ ಪಿಸ್ಟನ್ ಮೇಲೆ ಚದರ ಸೆಂ.ಮೀ.ಗೆ 50 ಕಿಲೋ ಒತ್ತಡ ಬಿದ್ದರೆ ಹತ್ತಿರ ಹತ್ತಿರ ಒಂದು ಟನ್ ಬಲ. ಜೆಸಿಬಿಯ ಕೈ, ಟಿಪ್ಪರಿನ ತೊಟ್ಟಿ ಏಳುವುದೂ ಇದೇ ಲೆಕ್ಕದಲ್ಲಿ.

ಕಳೆದ ಮಾರ್ಚಿನಲ್ಲಿ, ಹಾಳೆ ರಾಶಿ ಬಿದ್ದ ಸಮಯಕ್ಕೇ ಸರಿಯಾಗಿ, ಅಚ್ಚು ಒತ್ತುವುದು ನಿಂತಿತು. ಒಬ್ಬರು ಸೀಲು ಹೋಗಿದೆ ಎಂದರು. ಐದೂ ಸಿಲಿಂಡರಿನ ಸೀಲು ಬದಲಿಸಿದೆವು. ಇನ್ನೊಬ್ಬರು ಎಣ್ಣೆ ಎಂದರು. ಅದೂ ಆಯಿತು. ಕೊನೆಗೆ ಪಂಪು. ಹನ್ನೆರಡು ದಿವಸ, ಹದಿನಾಲ್ಕು ಸಾವಿರ ರೂಪಾಯಿ. ಯಂತ್ರ ಇದ್ದ ಹಾಗೇ ಇತ್ತು. ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರು ಬೇರೆ ಕಡೆ ಹೋದರು.

ಆಗ ಸಿಕ್ಕಿದವ ಪಕ್ಕದ ಊರಿನ ಹುಡುಗ. ಸುಳ್ಯದಲ್ಲಿ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಹೈಡ್ರಾಲಿಕ್ ಕೆಲಸದಲ್ಲಿದ್ದಾನೆ. ಜಾತ್ರೆಗೆಂದು ಊರಿಗೆ ಬಂದಿದ್ದ. ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ: "ಮಾವ, ಒಂದು ಅಚ್ಚು ಒತ್ತುದಿಲ್ವಾ, ಐದೂ ಒತ್ತುದಿಲ್ವಾ?"

"ಐದೂ."

"ಹಾಗಾದ್ರೆ ಸೀಲಿನ ಮೇಲೆ ಯಾಕೆ ಸಂಶಯ? ಐದೂ ಒಟ್ಟಿಗೆ ಹೋಗ್ತದಾ? ತೋಟದಲ್ಲಿ ಒಂದು ಸ್ಪ್ರಿಂಕ್ಲರ್ ತಿರುಗದಿದ್ರೆ ಅದರ ಜೆಟ್ ನೋಡ್ತೀರಿ. ಒಂದೂ ತಿರುಗದಿದ್ರೆ ಪಂಪುಶೆಡ್ಡಿಗೆ ಹೋಗ್ತೀರಲ್ಲ?"

ಯಂತ್ರದ ಒತ್ತಡದ ಗೇಜು ಕೆಟ್ಟು ವರ್ಷವಾಗಿತ್ತು. ಮೊದಲು ಅದನ್ನು ಹೊಸತು ಹಾಕಿಸಿದ. ಮುಳ್ಳು 15ರಿಂದ ಮೇಲೆ ಏಳಲಿಲ್ಲ. ಮೋಟಾರು ನಿಲ್ಲಿಸಿ ರಿಲೀಫ್ ವಾಲ್ವ್ ಬಿಚ್ಚಿದ. ಪೈಪಿನ ಮರೆಗೆ ಸುತ್ತುವ ಬಿಳಿ ಟೇಪಿನ ಒಂದು ಚೂರು ಒಳಗೆ ಸಿಕ್ಕಿಕೊಂಡು ವಾಲ್ವ್ ಮುಚ್ಚದ ಹಾಗೆ ಮಾಡಿತ್ತು. ಎಣ್ಣೆಯೆಲ್ಲ ಅಲ್ಲಿಂದಲೇ ಟ್ಯಾಂಕಿಗೆ ವಾಪಸು. ಪಂಪು ಕೊಡುವುದು ಹರಿವನ್ನು ಮಾತ್ರ, ಒತ್ತಡ ಏಳುವುದು ಅಡ್ಡಿ ಇದ್ದಾಗ. ಕಟ್ಟ ಒಡೆದ ತೋಡಿನಲ್ಲಿ ನೀರು ನಿಲ್ಲುತ್ತದೆಯೇ? ತೊಳೆದು ಕೂರಿಸಿ, ಗೇಜು ನೋಡುತ್ತ ನಿಧಾನಕ್ಕೆ ಸ್ಕ್ರೂ ತಿರುಗಿಸಿದ. ಅರ್ಧ ಗಂಟೆಯಲ್ಲಿ ತಟ್ಟೆ ಬಿತ್ತು.

ನಾನು ಏನು ಕೊಟ್ಟೆ? ಒಂದು ಬಾಳೆಗೊನೆ. "ಊರಲ್ಲೇ ನಿಂತು ಇದನ್ನೇ ಮಾಡಬಾರದಾ?" ಎಂದು ಉಪದೇಶವನ್ನೂ ಮಾಡಿದೆ. ಅವ ನಗುತ್ತಾ ಹೇಳಿದ: "ಬಾಳೆಗೊನೆಯಲ್ಲಿ ಸಂಸಾರ ನಡೀತದಾ ಮಾವ?"

ಆ ರಾತ್ರಿ ನಿದ್ದೆ ಬರಲಿಲ್ಲ. ಬೇಡದ ಸಾಮಾನಿಗೆ ಹದಿನಾಲ್ಕು ಸಾವಿರ ಚೌಕಾಸಿ ಇಲ್ಲದೆ ಕೊಟ್ಟವ ನಾನು. ತಲೆ ಉಪಯೋಗಿಸಿದವನಿಗೆ ನಗದು ಕೊಡಬೇಕೆಂದು ಹೊಳೆಯಲೇ ಇಲ್ಲ. ನಮಗೆ ಕಣ್ಣಿಗೆ ಕಾಣುವ ಸಾಮಾನಿಗೆ ಮಾತ್ರ ಬೆಲೆ. ಆದ್ದರಿಂದಲೇ ನಮ್ಮಲ್ಲಿ ಸಾಮಾನು ಬದಲಿಸುವವರು ಹೆಚ್ಚು, ದೋಷ ಹುಡುಕುವವರು ಇಲ್ಲ. "ಏನೂ ಬದಲಿಸಬೇಡಿ" ಎಂದವನಿಗೆ ಸಂಬಳ ಇಲ್ಲದಿದ್ದರೆ ಯಾರು ತಾನೇ ಹಾಗೆ ಹೇಳಿಯಾರು?

ಸುಳ್ಯದಲ್ಲಿ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು 1986ರಿಂದ ಇದೆ, ಪಾಲಿಟೆಕ್ನಿಕ್ ಇದೆ. ನಮ್ಮ ಮಕ್ಕಳೇ ಅಲ್ಲಿ ಕಲಿಯುವುದು. ಹೈಡ್ರಾಲಿಕ್ ಪಂಪು, ವಾಲ್ವ್ ಮಾಡುವ ಯುಕೆನ್ ಇಂಡಿಯಾ 1976ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ ಕಂಪೆನಿ. ಧಾರವಾಡದಲ್ಲಿ ಟಾಟಾ ಹಿಟಾಚಿ, ಕೆ.ಜಿ.ಎಫ್.ನಲ್ಲಿ ಬೆಮೆಲ್ ಮಣ್ಣು ತೋಡುವ ಯಂತ್ರ ಮಾಡುತ್ತವೆ. ಕಲಿತವರಿಗೆ ಅಲ್ಲಿ ಮರ್ಯಾದೆ ಉಂಟು. ಕಾರ್ಖಾನೆಗಳಿಗೆ ಸರ್ಕ್ಯೂಟ್ ನೋಡಿ ಸಲಹೆ ಕೊಡುವುದನ್ನೇ ಉದ್ಯೋಗ ಮಾಡಿಕೊಂಡವರೂ ಇದ್ದಾರೆ. ಹಾಳೆತಟ್ಟೆ ಘಟಕ, ಜೆಸಿಬಿ, ಟಿಪ್ಪರ್, ಟ್ರ್ಯಾಕ್ಟರ್ ಇಷ್ಟಿರುವ ನಮ್ಮ ತಾಲೂಕಿನಲ್ಲಿ ಕೆಲಸ ಇಲ್ಲ ಎನ್ನುವುದು ಸುಳ್ಳು. ಇಲ್ಲದ್ದು ಕೊಡುವ ಮನಸ್ಸು.

ನನ್ನ ಸಲಹೆ ಇಷ್ಟೆ. ಹತ್ತು ಘಟಕದವರು ಸೇರಿ ತಿಳಿದ ಒಬ್ಬನಿಗೆ ವರ್ಷಕ್ಕೆ ಇಷ್ಟು ಎಂದು ಗೊತ್ತು ಮಾಡೋಣ. ಬಂದು ನೋಡಿದ್ದಕ್ಕೂ ಶುಲ್ಕ ಕೊಡೋಣ, ಸಾಮಾನು ಬದಲಿಸಲಿ ಬಿಡಲಿ. ಯಂತ್ರ ಕೊಳ್ಳುವಾಗ ಸರ್ಕ್ಯೂಟಿನ ನಕ್ಷೆ ಕೇಳಿ ಪಡೆದು ಗೋಡೆಗೆ ಅಂಟಿಸೋಣ. ಗೇಜು ಸರಿ ಇಟ್ಟುಕೊಳ್ಳೋಣ. ಎಣ್ಣೆ ತುಂಬುವಾಗ ಕಸ, ಟೇಪಿನ ಚೂರು ಬೀಳದ ಹಾಗೆ ನೋಡೋಣ. ಹೈಡ್ರಾಲಿಕ್ ಕೆಡುವುದು ಹೆಚ್ಚಾಗಿ ಕೊಳೆಯಿಂದಲೇ. ಇನ್ನೊಂದು ಮಾತು: ಪೈಪು ಎಲ್ಲಿ ಸೋರುತ್ತದೆಂದು ಬೆರಳಿಟ್ಟು ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕರೆ ಕೈಯನ್ನೇ ಕಳಕೊಳ್ಳಬೇಕಾದೀತು. ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಆದರೆ ನೋವಿಲ್ಲ ಎಂದು ಕೂರದೆ ಕೂಡಲೇ ಆಸ್ಪತ್ರೆಗೆ ಓಡಿ.

ಮುಂದಿನ ಜಾತ್ರೆಗೆ ಆ ಹುಡುಗ ಬರುತ್ತಾನೆ. ಬಾಕಿ ಇಟ್ಟ ಶುಲ್ಕ ತೆಗೆದಿರಿಸಿದ್ದೇನೆ. ನಮ್ಮ ಕಡೆಯ ಇನ್ನು ಒಂಬತ್ತು ಘಟಕದವರು ಒಪ್ಪಿದರೆ ಅವನ ಹತ್ತಿರ ಮಾತಾಡುವ ಕೆಲಸ ನನ್ನದು. ನೀವೇನು ಹೇಳುತ್ತೀರಿ? ಬರೆಯಿರಿ.