ಹಡಗಿನಿಂದ ಇಳಿಯೋದೆಲ್ಲಿ?



1972ರ ‘ಬಾಂಬೆ ಟು ಗೋವಾ’ ನೋಡಿದ್ದೀರಲ್ಲ? ಅಮಿತಾಭ್, ಅರುಣಾ ಇರಾನಿ, ಕಂಡಕ್ಟರ್ ವೇಷದಲ್ಲಿ ಮೆಹಮೂದ್! ಆ ಬಸ್ಸಿನಲ್ಲಿ ಎಷ್ಟೇ ಗಲಾಟೆ ಇದ್ದರೂ ಒಂದು ಅನುಕೂಲ ಇತ್ತು. ಬೇಜಾರಾದರೆ ಇಳಿದುಬಿಡಬಹುದು. ಹಡಗಿನಲ್ಲಿ ಹಾಗಲ್ಲ ಸ್ವಾಮಿ. ಸುತ್ತಲೂ ನೀರು. ಅಪ್ಪ, ಅಮ್ಮ, ಅಕ್ಕ, ಭಾವ ಎಲ್ಲರೂ ಅಲ್ಲೇ, ನೀವೂ ಅಲ್ಲೇ. ‘ಸ್ವಲ್ಪ ಹೊರಗೆ ಹೋಗಿ ಬರ್ತೀನಿ’ ಅಂದರೆ ಹೋಗೋದಾದರೂ ಎಲ್ಲಿಗೆ?

ಅದಕ್ಕೇ ಕಥೆಗಾರರಿಗೆ ಹಡಗು ಕಂಡರೆ ಅಷ್ಟು ಪ್ರೀತಿ!

2015ರಲ್ಲಿ ಜೋಯಾ ಅಖ್ತರ್ ನಿರ್ದೇಶಿಸಿದ ‘ದಿಲ್ ಧಡಕ್‌ನೇ ದೋ’ ತಗೊಳ್ಳಿ. ಅಪ್ಪ-ಅಮ್ಮನ ಮದುವೆಯ 30ನೇ ವರ್ಷದ ಸಂಭ್ರಮಕ್ಕೆ ಇಡೀ ಮೆಹ್ರಾ ಕುಟುಂಬ, ಜತೆಗೆ ನೆಂಟರಿಷ್ಟರು, ಹಡಗು ಹತ್ತುತ್ತಾರೆ. ಕಥೆ ಹೇಳುವುದು ಮನೆಯ ನಾಯಿ, ಆಮಿರ್ ಖಾನ್ ಕಂಠದಲ್ಲಿ! ಮಗ ಕಬೀರನಿಗೆ ವಿಮಾನ ಹಾರಿಸುವ ಹುಚ್ಚು. ಅಪ್ಪನಿಗೆ ಅವನ ಮದುವೆಯಿಂದ ವ್ಯಾಪಾರ ಉಳಿಸಿಕೊಳ್ಳುವ ಲೆಕ್ಕ. ಮನೆಯವರ ಕಣ್ಣು ತಪ್ಪಿಸಿ ಹಡಗಿನಲ್ಲಿ ಓಡಾಡುವಾಗ ಅವನಿಗೆ ಸಿಗುವವಳು ಅಲ್ಲೇ ಕುಣಿಯುವ ಕೆಲಸದಲ್ಲಿರುವ ಫರಾ. ರಣವೀರ್-ಅನುಷ್ಕಾ ಜೋಡಿ ಬಿಡಿ, ನನಗೆ ಹಿಡಿಸಿದ್ದು ಬೇರೆ. ಅಪ್ಪನ ಮುಂದೆ ಬಾಯಿ ಬಿಡದ ಹುಡುಗ, ಒಬ್ಬನೇ ಸುತ್ತುವಾಗ ಮಾತ್ರ ತಾನು ಯಾರು ಅಂತ ತಿಳಿದುಕೊಳ್ಳುತ್ತಾನೆ.

ಇದು ಹೊಸ ಕಥೆಯೇನಲ್ಲ. 1942ರ ಹಾಲಿವುಡ್ ಚಿತ್ರ ‘ನೌ, ವಾಯೇಜರ್’ನಲ್ಲಿ ಬೆಟಿ ಡೇವಿಸ್ ಪಾತ್ರದ ಹುಡುಗಿ ತಾಯಿಯ ಜತೆ ಹಡಗಿನಲ್ಲಿ ಹೋಗಿರುತ್ತಾಳೆ. ಹಡಗಿನ ಅಧಿಕಾರಿಯೊಬ್ಬನ ಮೇಲೆ ಮನಸ್ಸಾಗುತ್ತದೆ. ತಾಯಿ ಬಿಡುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಅದೇ ಮಗಳು ಒಬ್ಬಳೇ ಹಡಗು ಹತ್ತುತ್ತಾಳೆ, ತಿರುಗಿ ಬಂದು ತಾಯಿಯ ಎದುರು ತಲೆ ಎತ್ತಿ ನಿಲ್ಲುತ್ತಾಳೆ.

ಸಿನಿಮಾ ಮಾತಾಯ್ತು, ನಮ್ಮ ಮನೆಯದೂ ಕೇಳಿ. ಕೆಲವು ವರ್ಷಗಳ ಹಿಂದೆ ನಾವೆಲ್ಲ ಮುಂಬಯಿಯಿಂದ ಗೋವಾಕ್ಕೆ ಹಡಗಿನಲ್ಲಿ ಹೋದೆವು. ಭಾವನ ಏರ್ಪಾಡು. ಮೊದಲ ರಾತ್ರಿ ಊಟಕ್ಕೆ ಕೂತಾಗಲೇ ಭಾವ ಶುರು ಮಾಡಿದರು: “ಇನ್ನೆಷ್ಟು ದಿನ ಮಾರಾಯಾ ಈ ಸಿನಿಮಾ ಬರವಣಿಗೆ? ಅಪ್ಪನ ಅಂಗಡಿ ನೋಡ್ಕೊ.” ಅಪ್ಪ ಮಾತಾಡಲಿಲ್ಲ. ಅಮ್ಮ ಅನ್ನ ಬಡಿಸಿಕೊಂಡು ಬಂದರು.

ರಾತ್ರಿ ಹನ್ನೆರಡರ ಮೇಲೆ ಒಬ್ಬನೇ ಮೇಲಿನ ಡೆಕ್ಕಿಗೆ ಹೋದೆ. ಕೆಳಗೆ ಹಾಡು-ಕುಣಿತ, ಮೇಲೆ ಬರೀ ಗಾಳಿ. ಮೊಬೈಲಿಗೆ ಸಿಗ್ನಲ್ ಇಲ್ಲ. ಈ ತುದಿಯಿಂದ ಆ ತುದಿಗೆ ನಾಲ್ಕೈದು ಸಲ ನಡೆದೆ. ಅಲ್ಲಿ ನಾನು ಅಂಗಡಿಯವರ ಮಗನೂ ಅಲ್ಲ, ಯಾರ ಭಾವಮೈದುನನೂ ಅಲ್ಲ. ‘ಯಾರೂ ನೋಡದೇ ಇದ್ದರೆ ನಾನೇನು ಮಾಡ್ತೀನಿ?’ ಅಂತ ಕೇಳಿಕೊಂಡೆ. ಆಗ ಗಮನಕ್ಕೆ ಬಂತು: ಅಷ್ಟು ಹೊತ್ತೂ ತಲೆಯಲ್ಲಿ ಮುಂದಿನ ವಾರದ ಅಂಕಣ ಬರೀತಾ ಇದ್ದೆ!

ಬೆಳಿಗ್ಗೆ ಟೀ ಹೊತ್ತಿಗೆ ಹೇಳಿಬಿಟ್ಟೆ. “ಅಪ್ಪಾ, ಅಂಗಡಿ ನನ್ನಿಂದ ಆಗಲ್ಲ. ಬರೆಯೋದು ಬಿಡಲ್ಲ.”

ಅಪ್ಪ ಸಮುದ್ರ ನೋಡುತ್ತಲೇ ಕೇಳಿದರು, “ತಿಂಗಳಿಗೆ ಎಷ್ಟು ಬರುತ್ತೆ?”

ಹೇಳಿದೆ.

“ಕಡಿಮೆ ಆಯ್ತಲ್ಲೋ.”

“ಹೌದಪ್ಪಾ.”

“ಸರಿ. ಟೀ ಆರುತ್ತೆ, ಕುಡಿ.”

ಮರುವರ್ಷ ಅಂಗಡಿ ಬೇರೆಯವರ ಕೈಗೆ ಹೋಯಿತು. ಈಗಲೂ ಆ ಬೀದಿಗೆ ಬಂದಾಗ ಅಪ್ಪ ಆ ಕಡೆ ತಿರುಗಿ ನೋಡುವುದಿಲ್ಲ. ಇಷ್ಟಪಟ್ಟ ಕೆಲಸಕ್ಕೆ ಬೆಲೆ ನಾನೊಬ್ಬನೇ ಕೊಟ್ಟಿಲ್ಲ. ಅರ್ಧ ಅವರು ಕೊಟ್ಟರು.

ಕೊನೆಯಲ್ಲಿ ಕಬೀರ್ ಫರಾಗಾಗಿ ಸಮುದ್ರಕ್ಕೇ ಹಾರುತ್ತಾನೆ, ಮನೆಯವರು ದೋಣಿ ತಗೊಂಡು ಹಿಂದೆ ಬರುತ್ತಾರೆ. ಹಾರೋದು ರಣವೀರ್‌ಗೆ ಬಿಡಿ ಗುರೂ! ನಮಗೆ ಹಡಗೂ ಬೇಡ. ಮದುವೆಮನೆಯೋ ಜಾತ್ರೆಯೋ ಧರ್ಮಸ್ಥಳದ ಪ್ರವಾಸವೋ, ಮನೆಯವರೆಲ್ಲ ಸೇರಿದ ಕಡೆ ಅರ್ಧ ಗಂಟೆ ಒಬ್ಬರೇ ಸುತ್ತಿ ಬನ್ನಿ. ಉತ್ತರ ಸಿಕ್ಕಿದರೆ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ವಾಪಸು ಬಂದು, ಅಪ್ಪನ ಪಕ್ಕ ಕೂತು, ಮೆತ್ತಗೆ ಹೇಳಿ.

ಮುಂದಿನ ವಾರ ಸಿಗೋಣ.